ಮೂರನೇ ಕಟ್ಟು

ಅವರ ‘ಅಪೂರ್ಣ ಕಾದಂಬರಿ’ಗೆ ಮುನ್ನುಡಿ ಬರೆದವನು ನಾನು. ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿದರೆ ಒಂದೆರಡು ಪ್ರತಿ ಸಿಗಬಹುದು. ಮುನ್ನುಡಿ ಆರು ಪುಟ ಇದೆ. ಅದರ ಮೊದಲ ಸಾಲಿನಲ್ಲೇ ಸುಳ್ಳಿದೆ. ಕಾದಂಬರಿ ಅಪೂರ್ಣವಾಗಿರಲಿಲ್ಲ. ಅವರು ಅದನ್ನು ಬರೆದು ಮುಗಿಸಿ, ಕೊನೆಯ ಪುಟದ ಕೆಳಗೆ ಗೆರೆಯನ್ನೂ ಎಳೆದಿದ್ದರು. ಅದು ಅಪೂರ್ಣವಾದದ್ದು ನನ್ನಿಂದ. ಹೇಗೆ ಎಂದು ಬರೆಯುವ ಧೈರ್ಯ ಆಗ ಇರಲಿಲ್ಲ. ಈಗಲೂ ಧೈರ್ಯ ಬಂದು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇದನ್ನು ಓದಿ ನನ್ನ ಮುಖ ನೋಡಬಹುದಾಗಿದ್ದವರು ಹೋದ ವರ್ಷ ತೀರಿಕೊಂಡರು, ಅಷ್ಟೆ.

ತೊಂಬತ್ತರ ದಶಕದ ನಡುವೆ ನಾನು ಗದಗದ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ, ಮನೆ ಮಾಲೀಕರ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಹಗಲಿಗೆ ಕೊರಿಯರ್ ಕಚೇರಿಯ ಗುಮಾಸ್ತ, ಉಳಿದ ಹೊತ್ತಿಗೆ ಕಥೆಗಾರ. ಮೊದಲ ಸಂಕಲನ ಸಿದ್ಧವಾಗಿತ್ತು, ಮುನ್ನುಡಿ ಬೇಕಿತ್ತು. ನಮ್ಮಲ್ಲಿ ಹೊಸಬನ ಪುಸ್ತಕ ಮುನ್ನುಡಿಯಿಲ್ಲದೆ ಹೊರಬಂದರೆ, ಹಿರಿಯರ ಹೆಸರಿಲ್ಲದ ಲಗ್ನಪತ್ರಿಕೆ ಹಂಚಿದ ಹಾಗೆ. ಮುನ್ನುಡಿಗೆ ಯಾರನ್ನು ಕೇಳಲಿ ಎಂದರೆ ಎಲ್ಲರೂ ಒಬ್ಬರ ಹೆಸರನ್ನೇ ಹೇಳಿದರು. ಜೆ.ಪಿ. ನಗರದಲ್ಲಿ, ಕೋಣನಕುಂಟೆಯ ಕಡೆ ಮುಖಮಾಡಿದ ಒಂದು ರಸ್ತೆಯಲ್ಲಿ ಅವರ ಮನೆ. ಮೂರು ಕಾದಂಬರಿ ಬರೆದಿದ್ದರು. ಅವನ್ನು ಯಾರೂ ಓದಿರಲಿಲ್ಲ, ಎಲ್ಲರೂ ಗೌರವಿಸುತ್ತಿದ್ದರು. ಓದದೆ ಗೌರವಿಸುವುದರಲ್ಲಿ ನಮ್ಮ ಸಾಹಿತ್ಯಲೋಕ ಯಾರಿಗೂ ಸೋತದ್ದಿಲ್ಲ.

ಹೆಸರು ಬೇಡ. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಮ್ಮ ಎನ್ನುತ್ತಿದ್ದೆ. ಸರ್ ಎತ್ತರದ ಆಳು, ಬೆನ್ನು ಮಾತ್ರ ಮುಂದಕ್ಕೆ ಬಾಗಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ನಕಾಶೆ ಬರೆದು ನಿವೃತ್ತರಾದವರು. ಮೇಜಿನ ಮೇಲೆ ಬಗ್ಗಿ ಬಗ್ಗಿ ಬಂದ ಗೂನು, ತೋಟದಲ್ಲಿ ಬಗ್ಗಿ ಗಟ್ಟಿಯಾಯಿತು ಎಂದು ಅವರೇ ನಗುತ್ತಿದ್ದರು. ಎಡಗಿವಿಯ ಮೇಲೆ ಸದಾ ಒಂದು ಪೆನ್ಸಿಲ್.

ಮುನ್ನುಡಿ ಬರೆಯುವುದಕ್ಕೆ ಅವರದೊಂದು ಪದ್ಧತಿ ಇತ್ತು. ಕೇಳಿಕೊಂಡು ಬಂದವನು ತನ್ನ ಬರಹದ ಒಂದು ಭಾಗವನ್ನು ಅವರೆದುರು ಗಟ್ಟಿಯಾಗಿ ಓದಬೇಕು. ಅವರು ಕುರ್ಚಿಯಲ್ಲಿ ಕೂತು ಕೇಳುವವರಲ್ಲ. ಗಿಡದ ಪಾತಿಯ ಪಕ್ಕ ಮಣೆ ಹಾಕಿಕೊಂಡು, ತುದಿ ಮುರಿದ ಕುಡುಗೋಲಿನಿಂದ ಕಳೆ ಕೀಳುತ್ತ ಕೇಳುತ್ತಿದ್ದರು.

“ನೀವು ಓದ್ತಾ ಇರಿ,” ಎಂದರು ಮೊದಲ ದಿನ. “ನನ್ನ ಕೈ ನಿಂತ್ರೆ ಅಲ್ಲೇನೋ ಇದೆ ಅಂತ. ನಿಲ್ಲದಿದ್ರೆ ಬೇಜಾರು ಮಾಡ್ಕೋಬೇಡಿ, ಕಳೆನಾದ್ರೂ ಹೋಗತ್ತೆ.”

ನಾನು ನನ್ನ ಅತ್ಯುತ್ತಮ ಕಥೆ ಎಂದುಕೊಂಡಿದ್ದನ್ನೇ ತೆಗೆದು ಮುಕ್ಕಾಲು ಗಂಟೆ ಓದಿದೆ. ಕೊನೆಯಲ್ಲಿ ತಾಯಿ ಸಾಯುವ ದೃಶ್ಯ. ಅಲ್ಲಿ ದನಿ ತಗ್ಗಿಸಿ, ನಿಧಾನವಾಗಿ ಓದಿದೆ. ಅವರ ಕೈ ಕೊನ್ನಾರಿ ಹುಲ್ಲಿನ ಗಡ್ಡೆಯನ್ನು ಹುಡುಕಿ ಹುಡುಕಿ ಕೀಳುತ್ತಲೇ ಇತ್ತು. ನಡುವೆ ಒಂದೇ ಕಡೆ ನಿಂತಿತು. ಮುದುಕನೊಬ್ಬ ಸೈಕಲ್ಲಿನ ಚೈನು ಹಾಕಲು ಬಾರದೆ ಎಣ್ಣೆ ಕೈಯನ್ನು ಎತ್ತಿ ಹಿಡಿದುಕೊಂಡು, ದಾರಿಯಲ್ಲಿ ಹೋಗುವವರನ್ನು ನೋಡುತ್ತ ನಿಲ್ಲುವ ಎರಡು ಸಾಲು ಅದು.

“ಇದು ನೋಡಿದ್ದು,” ಎಂದರು. “ಮಿಕ್ಕಿದ್ದಕ್ಕೆ ಗೊಬ್ಬರ ಜಾಸ್ತಿಯಾಗಿದೆ. ಎಲೆ ಬರತ್ತೆ, ಕಾಯಿ ಕಚ್ಚಲ್ಲ.”

ಸಿಟ್ಟು ಬಂತು. ಬಸ್ಸಿನಲ್ಲಿ ಕೂತು ಯೋಚಿಸಿದರೆ ಅವರು ಹೇಳಿದ್ದೇ ಸರಿ. ಆ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದು ಆ ಮುದುಕನನ್ನು ಮಾತ್ರ. ನಮ್ಮವ್ವ ಆಗ ಊರಲ್ಲಿ ಗಟ್ಟಿಮುಟ್ಟಾಗಿದ್ದಳು, ನನಗೆ ಪೋಸ್ಟಿನಲ್ಲಿ ಶೇಂಗಾ ಚಟ್ನಿ ಕಳಿಸುತ್ತಿದ್ದಳು.

ತೋಟ ಎಂದರೆ ದೊಡ್ಡ ತೋಟವೇನಲ್ಲ. ನಿವೇಶನದ ಕಾಲು ಭಾಗದಲ್ಲಿ ಎರಡು ಕೋಣೆಯ ಮನೆ, ಉಳಿದದ್ದೆಲ್ಲ ಮಣ್ಣು. ಅಕ್ಕಪಕ್ಕದವರು ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಬಾಡಿಗೆಗೆ ಬಿಡುತ್ತಿದ್ದಾಗ ಇವರು ಅವರೆ, ಬೆಂಡೆ, ಹೀರೆ, ದಂಟಿನ ಸೊಪ್ಪು ಎಂದು ನೆಲಕ್ಕೇ ಅಂಟಿಕೊಂಡಿದ್ದರು. ಮೂಲೆಯಲ್ಲಿ ಒಂದು ಸೀಬೆ ಮರ, ಅದರ ಪಕ್ಕ ತಗಡು ಹೊದಿಸಿದ ಸಾಮಾನಿನ ಗೂಡು, ಗೊಬ್ಬರದ ಗುಂಡಿ. ಒಮ್ಮೆ ಕುಡುಗೋಲಿನ ತುದಿಯಿಂದ ನೆಲ ತೋರಿಸಿ ಹೇಳಿದರು:

“ಇದು ನಮ್ಮಪ್ಪನ ರಾಗಿ ಹೊಲ. ನೀವು ನಿಂತಿರೋದು ಆಗ್ನೇಯ ಮೂಲೆ. ಬಡಾವಣೆ ಮಾಡೋಕೆ ಇದರ ನಕಾಶೆ ಬರೆದವನು ನಾನೇ. ಆಫೀಸಲ್ಲಿ ಹಾಳೆ ನನ್ನ ಮೇಜಿಗೆ ಬಂತು, ಬರೆದೆ. ಅಪ್ಪನಿಗೆ ಗೊತ್ತಾದ ಮೇಲೆ ನನ್ನ ಕೈಯಿಂದ ನೀರು ಕುಡೀಲಿಲ್ಲ.”

ಮತ್ತೆ ಕಳೆಗೆ ಕೈ ಹಾಕಿದರು. ಮುಂದೇನಾಯಿತೆಂದು ನಾನು ಕೇಳಲಿಲ್ಲ. ಆ ದಿನ ನನಗೆ ಬೇಕಿದ್ದದ್ದು ಮುನ್ನುಡಿ ಯಾವಾಗ ಸಿಗುತ್ತದೆ ಎನ್ನುವ ಉತ್ತರ.

ಬೇರೆಯವರ ಪುಸ್ತಕಗಳನ್ನು ಅವರು ಓದುತ್ತಿದ್ದ ರೀತಿ ಹೇಳಿದರೆ ನಂಬುವುದು ಕಷ್ಟ. ನಾಡಿನ ಮೂಲೆಮೂಲೆಯಿಂದ ಗೌರವ ಪ್ರತಿಗಳು ಬರುತ್ತಿದ್ದವು. ಬಂದ ಪುಸ್ತಕ ಸಾಲಿನ ಕೊನೆಗೆ ಸೇರಬೇಕು; ಓದು ಸಾಲಿನ ಮೊದಲಿನಿಂದ. ಶಾಲಾ ಹುಡುಗಿಯ ಕವನ ಸಂಕಲನ ಮುಂದಿದ್ದರೆ ಪ್ರಶಸ್ತಿ ಪಡೆದ ಮಹಾಶಯರು ಹಿಂದೆ ಕಾಯಬೇಕು. ಅಂಥ ಮಹಾಶಯರೊಬ್ಬರು ಫೋನ್ ಮಾಡಿ ತಮ್ಮ ಕಾದಂಬರಿ ನೋಡಿದಿರಾ ಎಂದು ಕೇಳಿದಾಗ ನಾನು ಅಲ್ಲೇ ಇದ್ದೆ. “ನಿಮ್ಮ ಮುಂದೆ ಇನ್ನೂ ಹನ್ನೊಂದು ಜನ ಇದಾರೆ ಸಾರ್,” ಎಂದರು, ರೇಷನ್ ಅಂಗಡಿಯವನಷ್ಟೇ ಸಹಜವಾಗಿ. ಮಹಾಶಯರು ಆಮೇಲೆ ಅವರ ಹೆಸರನ್ನು ಎರಡು ಸಮಿತಿಗಳಿಂದ ತೆಗೆಸಿದರು.

ಓದಿ ಮುಗಿಸಿದ ಮೇಲಷ್ಟೇ ಕಾರ್ಡು ಬರೆಯುವುದು. ಇಷ್ಟವಾದದ್ದು, ಆಗದ್ದು, ಎರಡೂ ಪುಟಸಂಖ್ಯೆ ಸಮೇತ. ನಮ್ಮ ಸಾಹಿತಿಗಳಲ್ಲಿ ಇನ್ನೊಂದು ಜಾತಿಯ ಕಾರ್ಡಿದೆ: ‘ಪುಸ್ತಕ ತಲುಪಿತು. ಬಿಡುವಾಗಿ ಓದಿ ಬರೆಯುತ್ತೇನೆ.’ ಇದನ್ನು ಬರೆದವರು ಬಿಡುವಾಗಿ ಓದಿದ್ದನ್ನು ನಾನು ಕಂಡಿಲ್ಲ. ಸರ್‌ಗೆ ಆ ಕಾರ್ಡೆಂದರೆ ಆಗದು. “ತಲುಪಿತು ಅನ್ನೋದನ್ನ ನೋಡ್ಕೊಳ್ಳೋಕೆ ಪೋಸ್ಟ್‌ಮ್ಯಾನ್ ಇದಾನೆ. ನಾವ್ಯಾಕೆ ಹೇಳ್ಬೇಕು?” ಎನ್ನುತ್ತಿದ್ದರು. ಅವರ ಮೂರನೇ ಕಾದಂಬರಿ ಬಂದಾಗ ಅವರ ಮುನ್ನುಡಿ ಪಡೆದ ಗಣ್ಯರೆಲ್ಲ ಕಳಿಸಿದ್ದು ಇಂಥ ಕಾರ್ಡುಗಳನ್ನೇ. ಅವನ್ನು ಅವರು ಎಸೆಯಲಿಲ್ಲ. ಕತ್ತರಿಸಿ ಬಿದಿರು ಕಡ್ಡಿಗೆ ಸಿಕ್ಕಿಸಿ, ಬೀಜ ಬಿತ್ತಿದ ಪಾತಿಗಳಿಗೆ ನೆಟ್ಟರು. ಒಂದು ಕಡೆ ‘ಬಿಡುವಾಗಿ ಓದಿ’, ಇನ್ನೊಂದು ಕಡೆ ಅವರ ದುಂಡು ಅಕ್ಷರದಲ್ಲಿ ‘ಮೂಲಂಗಿ’. ನಾನು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನನ್ನ ಸರದಿ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ಮಾತು ಕಡಿಮೆ. ಗಂಡನ ಬರಹವನ್ನು ಅಚ್ಚಾಗುವ ಮೊದಲು ಅವರು ಓದುತ್ತಿರಲಿಲ್ಲ. ಯಾಕಮ್ಮ ಎಂದು ಒಮ್ಮೆ ಕೇಳಿದ್ದೆ.

“ಕೈಬರಹ ನೋಡಿದ್ರೆ ಮನೆಯವರು ಬರೆದದ್ದು ಅನ್ಸತ್ತೆ,” ಎಂದರು. “ಅಚ್ಚಾದ್ರೆ ಯಾರೋ ಬರೆದದ್ದು ಅಂತ ಓದಬಹುದು. ಮದುವೆಯಾದಾಗಿಂದ ನಮ್ಮಿಬ್ಬರದ್ದು ಅದೇ ಒಪ್ಪಂದ.”

ಐದಾರು ವರ್ಷ ನಾನು ಆ ಮನೆಗೆ ಹೋಗಿ ಬಂದು ಮಾಡಿದೆ. ಅವರು ನನ್ನ ಬೆನ್ನು ತಟ್ಟಿ ಬೆಳೆಸಿದರು ಎಂದು ಈಗ ಹೇಳಿಕೊಂಡು ತಿರುಗುತ್ತೇನೆ, ಅದು ಸುಳ್ಳಲ್ಲ. ಅವರೂ ನಾಲ್ಕನೆಯ ಕಾದಂಬರಿ ಬರೆಯುತ್ತಿದ್ದರು. ಬೆಳಿಗ್ಗೆ ಎರಡು ಗಂಟೆ ಬರೆಯುವುದು, ಬಿಸಿಲೇರುವ ತನಕ ತೋಟ, ಮಧ್ಯಾಹ್ನ ಬೇರೆಯವರ ಪುಸ್ತಕ. ಬರೆಯುತ್ತಿದ್ದದ್ದು ಪ್ರೆಸ್ಸಿನವರು ಕೊಡುತ್ತಿದ್ದ ಕತ್ತರಿಸಿದ ಕಾಗದದ ಮೇಲೆ. ಹಾಳೆಗಳನ್ನು ಸಣಬಿನ ದಾರದಿಂದ ಹೊಲಿದು, ಹಳೆಯ ನಕಾಶೆಯ ನೀಲಿ ಹಾಳೆಯನ್ನು ರಟ್ಟಿನಂತೆ ಹೊದಿಸಿ, ಮೇಲೆ ಬರಿ ಅಂಕಿ ಹಾಕುತ್ತಿದ್ದರು. ಕಾದಂಬರಿಗೆ ಮೂರು ಕಟ್ಟು: ಒಂದು, ಎರಡು, ಮೂರು. ಅವರಿಗೆ ತೋಟದ ದಿನಚರಿ ಬರೆಯುವ ಅಭ್ಯಾಸವೂ ಇತ್ತು. ವರ್ಷಕ್ಕೊಂದು ಕಟ್ಟು, ಅದೇ ಕಾಗದ, ಅದೇ ನೀಲಿ ಹೊದಿಕೆ, ಮೇಲೆ ಅದೇ ರೀತಿ ಅಂಕಿ. ಅವು ಸೀಬೆ ಮರದ ಪಕ್ಕದ ಗೂಡಿನಲ್ಲಿ, ಬೇವಿನ ಹಿಂಡಿಯ ಚೀಲದ ಮೇಲಿನ ಹಲಗೆಯಲ್ಲಿ ಇರುತ್ತಿದ್ದವು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಕರೆಸಿದರು. ಕಣ್ಣಿನ ಪೊರೆ ಬಲಿತಿತ್ತು, ಮುಂದಿನ ವಾರ ಆಪರೇಷನ್ ನಿಗದಿಯಾಗಿತ್ತು. ಮೂರೂ ಕಟ್ಟುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಕೊಟ್ಟರು.

“ಮುನ್ನುಡಿ ಬೇಡ, ವಿಮರ್ಶೆ ಬೇಡ. ಒಂದೇ ಕೇಳ್ತೀನಿ. ಮೊದಲೆರಡು ಭಾಗ ಹೇಗೋ ನಿಲ್ಲತ್ತೆ. ಮೂರನೇದು ನನ್ನದೇ ಕಥೆ. ನನ್ನ ಜೀವಮಾನದಲ್ಲಿ ಬಾಯಿಬಿಟ್ಟು ಹೇಳದೇ ಇದ್ದದ್ದು ಅದರಲ್ಲಿದೆ. ಅದು ಇರಬೇಕೋ ಬೇಡವೋ ನನಗೆ ತಿಳೀತಾ ಇಲ್ಲ. ನೀವು ಇರಲಿ ಅಂದ್ರೆ ಪ್ರೆಸ್ಸಿಗೆ ಕೊಡ್ತೀನಿ. ಬೇಡ ಅಂದ್ರೆ ತೆಗೆದು ಹಾಕ್ತೀನಿ.”

“ಒಂದು ಝೆರಾಕ್ಸ್ ಮಾಡಿಸಿ ಇಟ್ಕೋರಿ ಸರ್,” ಎಂದೆ.

“ನೀವು ಹೇಳಿದ ಮೇಲೆ ಮಾಡ್ಸೋಣ ಬಿಡಿ. ಏನು ಬಹಳ ದಿನ ಬೇಕಾ ನಿಮಗೆ?”

ಅಂದೇ ಸಂಜೆ ಚಹಾ ಲೋಟ ಹಿಡಿದು ಮೊದಲ ಕಟ್ಟು ಬಿಚ್ಚಿದೆ. ನಲವತ್ತು ಪುಟ ಓದಿದೆ. ಚಹಾ ಲೋಟದಲ್ಲೇ ಆರಿಹೋಗಿತ್ತು. ನನ್ನ ಕೈ ನಿಂತದ್ದು ನನಗೇ ಗೊತ್ತಾಗಿರಲಿಲ್ಲ. ಅಷ್ಟು ಚೆನ್ನಾಗಿತ್ತು. ನಾನು ಇನ್ನು ಇಪ್ಪತ್ತು ವರ್ಷ ತಲೆಕೆಳಗಾಗಿ ನಿಂತರೂ ಆ ನಲವತ್ತು ಪುಟದಂಥದ್ದು ಬರೆಯಲಾರೆ ಎಂದು ಒಳಗೇ ಯಾರೋ ಹೇಳಿದರು. ಕಟ್ಟನ್ನು ಮುಚ್ಚಿದೆ. ಎಪ್ಪತ್ತು ಸಮೀಪಿಸಿದ ಮನುಷ್ಯನ ಮೇಲೆ ನನಗೆ ಬಂದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಇಷ್ಟು ದಿನ ಬದುಕಿದ್ದೇನೆ: ಕೆಲಸದ ಒತ್ತಡ, ಕೋಣೆ ಬದಲಾಯಿಸಿದ್ದು, ಜ್ವರ.

ಚೀಲ ಮಂಚದ ಕೆಳಗೆ ಸೇರಿತು. ಮುಂಗಾರು ಬಂದು ಹೋಯಿತು, ದಸರೆ ಹೋಯಿತು, ದೀಪಾವಳಿ ಹೋಯಿತು. ಆಗೊಮ್ಮೆ ಈಗೊಮ್ಮೆ ಕಚೇರಿಗೆ ಅವರ ಫೋನು ಬರುತ್ತಿತ್ತು. ಕಾದಂಬರಿಯ ಸುದ್ದಿ ಎತ್ತುತ್ತಿರಲಿಲ್ಲ. ಕಣ್ಣು ಚೆನ್ನಾಗಿದೆ, ಅವರೆ ಹೂ ಬಿಟ್ಟಿದೆ, ಈ ಸಲ ಮಳೆ ಹಿಡಿದುಕೊಂಡು ಗೂಡಿನೊಳಗೆಲ್ಲ ಥಂಡಿ ಎಂದು ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆ ಮೌನದಲ್ಲಿ ಅವರು ಕಾಯುತ್ತಿದ್ದದ್ದು ನನ್ನ ಮಾತಿಗೆ. ನಾನು ಹೇಳುತ್ತಿದ್ದೆ:

“ಓದಾಕತ್ತೀನ್ರಿ ಸರ್. ಅದು ಗಡಿಬಿಡೀಲೆ ಓದೂ ಪುಸ್ತಕ ಅಲ್ರಿ.”

“ನಿಧಾನಕ್ಕೆ ಓದಿ, ನಿಧಾನಕ್ಕೆ ಓದಿ,” ಎನ್ನುತ್ತಿದ್ದರು, ಖುಷಿಯಾಗಿ.

ಸಂಕ್ರಾಂತಿಯ ಹೊತ್ತಿಗೆ ನನ್ನ ಎರಡನೇ ಸಂಕಲನದ ಪ್ರೂಫ್ ಬಂತು. ಮತ್ತೆ ಮುನ್ನುಡಿ ಬೇಕು, ಮತ್ತೆ ಅವರದೇ ಬೇಕು. ಅವರ ಕಟ್ಟುಗಳನ್ನು ಇಟ್ಟುಕೊಂಡು ನನ್ನ ಪ್ರೂಫ್ ಕೊಡುವುದು ಹೇಗೆ? ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಹೊರಟೆ. ಬಸ್ಸಿನಲ್ಲಿ ಮೂರನೇ ಕಟ್ಟನ್ನಾದರೂ ತಿರುವಿ ಹಾಕಬಹುದಿತ್ತು. ಸೀಟು ಸಿಗಲಿಲ್ಲ ಎಂಬುದು ನನ್ನ ನೆಪ. ಸೀಟು ಸಿಕ್ಕಿತ್ತು.

ಅವರು ಅವರೆ ಪಾತಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಕಣ್ಣಿಗೆ ಹೊಸ ಕನ್ನಡಕ. ನನ್ನನ್ನು ಕಂಡು ಏಳಲು ಹೋದರು. ನಾನು ನಿಂತಲ್ಲಿಂದಲೇ ಒಪ್ಪಿಸಿಬಿಟ್ಟೆ:

“ಓದಿದೆ ಸರ್. ಎಲ್ಲಾ ಓದಿದೆ. ಮೂರನೇ ಭಾಗ ಇರ್ಲೇಬೇಕ್ರಿ. ಅದ ಕಾದಂಬರಿ ಜೀವಾಳ. ನಾನಂತೂ ಅತ್ತಬಿಟ್ಟೆ.”

ಅವರ ಮುಖ ಆ ಕ್ಷಣ ಹೇಗಾಯಿತೆಂದು ನನಗೆ ಮರೆಯಲು ಆಗಿಲ್ಲ. ಕುಡುಗೋಲು ಕೆಳಗಿಟ್ಟು, ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡರು. “ಇರಲಿ ಅಂತೀರಾ,” ಎಂದರು. ಮತ್ತೆ, “ಅತ್ರಾ?” ಎಂದರು. ಒಳಗಿನ ಕಡೆ ತಿರುಗಿ ಅಮ್ಮನಿಗೆ ಕಾಫಿ ಇಡಲು ಕೂಗಿ ಹೇಳಿದರು. ಆಮೇಲೆ ನಾಚಿಕೊಂಡವರಂತೆ ಕೇಳಿದರು:

“ಹಾಗಾದ್ರೆ ಒಂದು ಕೆಲಸ ಮಾಡಿ. ಮೂರನೇದರಿಂದ ಎಲ್ಲಾದ್ರೂ ಸ್ವಲ್ಪ ಓದಿ. ಇಷ್ಟು ವರ್ಷ ಬೇರೆಯವರದ್ದೇ ಕೇಳಿದ್ದೀನಿ, ನನ್ನದು ಯಾರೂ ನನಗೆ ಓದಿಲ್ಲ.”

ಕುಡುಗೋಲು ಎತ್ತಿಕೊಂಡು ಕಳೆ ಕೀಳತೊಡಗಿದರು. ಪದ್ಧತಿ ಪದ್ಧತಿಯೇ. ನಾನು ಮೂರರ ಅಂಕಿಯಿದ್ದ ಕಟ್ಟಿನ ದಾರ ಬಿಚ್ಚಿ, ನಡುವೆ ಒಂದು ಪುಟ ತೆಗೆದು ಗಟ್ಟಿಯಾಗಿ ಶುರುಮಾಡಿದೆ.

“ಬುಧವಾರ. ಬೆಂಡೆಗೆ ಬಿಳಿನೊಣ. ಬೇವಿನ ಕಷಾಯ ಸಿಂಪಡಿಸಿದೆ. ಹೀರೆ ಬಳ್ಳಿಗೆ ಚಪ್ಪರ ಸಾಲದು. ನಲ್ಲಿ ನೀರು ಬರಲಿಲ್ಲ.”

ಅವರು ಮೊದಲು ನಕ್ಕುಬಿಟ್ಟರು. “ಅಯ್ಯೋ, ಇದು ತೋಟದ್ದು. ಕಟ್ಟು ಬದಲಾಗಿಹೋಗಿದೆ ನೋಡಿ. ಕಣ್ಣು ಮಂಜಾಗಿತ್ತಲ್ಲ, ಎರಡಕ್ಕೂ ಮೂರು ಅಂತಾನೇ ಹಾಕಿದ್ದೆ. ಕ್ಷಮಿಸಿ, ನಿಮಗೆ ಸುಮ್ನೆ…”

ಅಲ್ಲಿಗೆ ಮಾತು ನಿಂತಿತು. ನನ್ನ ಕ್ಷಮೆ ಕೇಳಿದ ಮೇಲೆ ಅವರಿಗೆ ಅರ್ಥವಾಯಿತು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಹಾಳೆ ನೋಡುತ್ತ ನಿಂತೆ.

“ಇನ್ನೊಂದು ಪುಟ ಓದಿ,” ಎಂದರು.

ಓದಿದೆ. ಗುರುವಾರ ಸೇವಂತಿಗೆಗೆ ಹೇನು. ಶುಕ್ರವಾರ ಎರಡು ಬುಟ್ಟಿ ಸಗಣಿ ಗೊಬ್ಬರ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅವರ ಕೈ ಒಂದೇ ಸಮನೆ ಕೊನ್ನಾರಿ ಕೀಳುತ್ತಿತ್ತು. ಪುಟ ಮುಗಿದ ಮೇಲೆ “ಸಾಕು” ಎಂದು ಎದ್ದು ಗೂಡಿನ ಕಡೆ ನಡೆದರು.

ಕಾದಂಬರಿಯ ಮೂರನೇ ಕಟ್ಟು ಹತ್ತು ತಿಂಗಳು ಅಲ್ಲಿತ್ತು, ತೋಟದ ದಿನಚರಿಯ ಮೊದಲೆರಡು ಕಟ್ಟುಗಳ ಜೊತೆ, ಮಳೆಗಾಲದುದ್ದಕ್ಕೂ. ಅವರು ಹೊರಗೆ ಬಂದಾಗ ಎರಡು ಕೈಯಲ್ಲೂ ಮಣ್ಣಿನ ಹೆಂಟೆಯಂಥದ್ದೇನೋ ಇತ್ತು. ಹತ್ತಿರ ಬಂದಾಗ ನೀಲಿ ಹೊದಿಕೆಯ ಒಂದು ಚೂರು ಕಂಡಿತು. ಒತ್ತಿದರೆ ಪುಡಿ. ನಾನು ಮೊದಲ ವಾರವೇ ಆ ಕಟ್ಟು ಬಿಚ್ಚಿದ್ದರೆ, ಮೊದಲ ತಿಂಗಳೇ ಬಿಚ್ಚಿದ್ದರೆ, ಒಂದು ಫೋನಿನಲ್ಲಿ ಮುಗಿಯುತ್ತಿದ್ದ ಕೆಲಸ. ಅವರು ಅದನ್ನು ಗೊಬ್ಬರದ ಗುಂಡಿಗೆ ಹಾಕಿ ಕೈ ಕೊಡವಿಕೊಂಡರು.

“ಗೆದ್ದಲಾದ್ರೂ ಪೂರ್ತಿ ಓದಿದೆ,” ಎಂದರು.

ಜೀವಮಾನದಲ್ಲಿ ಅವರು ನನಗೆ ಆಡಿದ ಒಂದೇ ಒಂದು ಕಟುಮಾತು ಅದು. ಅಷ್ಟರಲ್ಲಿ ಅಮ್ಮ ಕಾಫಿ ತಂದರು. ಅವರ ಮುಂದೆ ಇವರು ಎಂದಿನ ದನಿಯಲ್ಲೇ ಹೇಳಿದರು: “ಮೂರನೇ ಭಾಗ ಗೂಡಲ್ಲಿಟ್ಟಿದ್ದೆ ಕಣೆ, ಗೆದ್ದಲು ಹಿಡಿದಿದೆ. ಸದ್ಯ ಇವರು ಓದಿದಾರೆ.” ಅಮ್ಮ ನನ್ನ ಮುಖ ನೋಡಿದರು. ನಾನು ಕಾಫಿ ಕುಡಿದೆ. ಬಿಸಿ ಸಾಲದಾಗಿತ್ತು, ಅದೂ ನೆನಪಿದೆ.

ಹೊರಡುವಾಗ ಗೇಟಿನ ತನಕ ಬಂದು, “ಪ್ರೂಫ್ ತಂದಿದೀರಲ್ಲ, ಕೊಟ್ಟು ಹೋಗಿ,” ಎಂದರು. ಚೀಲದಲ್ಲಿ ಅದು ಇಣುಕುತ್ತಿತ್ತು. ಕೊಡಬಾರದಿತ್ತು. ಕೊಟ್ಟೆ.

ಮುಂದಿನ ವಾರ ಮುನ್ನುಡಿ ಸಿದ್ಧವಿತ್ತು. ಒಂದೊಂದು ಕಥೆಯನ್ನೂ ಎರಡೆರಡು ಸಲ ಓದಿದವರು ಮಾತ್ರ ಬರೆಯಬಹುದಾದದ್ದು. ಹೊಗಳಿಕೆ ಎಲ್ಲಿ ಸಲ್ಲಬೇಕೋ ಅಲ್ಲಿತ್ತು. ಕೊನೆಯಲ್ಲಿ ಒಂದು ಸಾಲು: ‘ಈ ಲೇಖಕರಿಗೆ ಕೊನೆಗಳ ಬಗ್ಗೆ ವಿಶೇಷ ಅಕ್ಕರೆ.’ ವಿಮರ್ಶಕರು ಅದನ್ನು ಮೆಚ್ಚಿಗೆಯೆಂದು ಎತ್ತಿ ಎತ್ತಿ ಬರೆದರು. ಆ ಪುಸ್ತಕಕ್ಕೆ ಬಹುಮಾನ ಬಂತು. ಶಾಲು ಹೊದಿಸಿಕೊಳ್ಳುವಾಗ ಅವರು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಮತ್ತೆ ಬರೆಯಿರಿ ಸರ್ ಎಂದು ನಾನು ಹೇಳದೆ ಬಿಟ್ಟಿಲ್ಲ. ಹೇಳಿದರೆ ನನ್ನ ಭಾರ ಇಳಿಯುತ್ತದಲ್ಲ. “ಬರೆದದ್ದನ್ನೇ ಮತ್ತೆ ಬರೆದ್ರೆ ನಕಲು ಇಳಿಸಿದ ಹಾಗೆ,” ಎಂದರು ಒಮ್ಮೆ. “ಆಫೀಸಲ್ಲಿ ಮೂವತ್ತು ವರ್ಷ ನಕಲು ಇಳಿಸಿದೀನಿ. ಇನ್ನು ಆಗಲ್ಲ.” ಮುಂದೆ ಆರೇಳು ವರ್ಷ ಬದುಕಿದ್ದರು. ಬೆಳಗಿನ ಆ ಎರಡು ಗಂಟೆಯೂ ತೋಟಕ್ಕೇ ಹೋಯಿತು. ಬೇರೆಯವರ ಪುಸ್ತಕಗಳನ್ನು ಸಾಲು ತಪ್ಪಿಸದೆ ಓದಿದರು, ಕಾರ್ಡು ಬರೆದರು, ಮುನ್ನುಡಿ ಬರೆದರು. ನನಗೆ ಸೀಬೆಹಣ್ಣು ಕೊಟ್ಟು ಕಳಿಸುತ್ತಿದ್ದರು. ನನ್ನ ವಿಷಯ ಒಬ್ಬರ ಬಳಿಯೂ ಆಡಲಿಲ್ಲ. ಆಡಿದ್ದರೆ ನಾನು ಅವರನ್ನು ದ್ವೇಷಿಸಿ ಹಾಯಾಗಿರಬಹುದಿತ್ತು.

ಅವರು ತೀರಿಕೊಂಡ ಮೇಲೆ ಜಯನಗರದ ಒಂದು ಸಭಾಂಗಣದಲ್ಲಿ ನುಡಿನಮನ ನಡೆಯಿತು. ಅವರ ಮುನ್ನುಡಿ ಪಡೆದವರೇ ಎರಡು ಸಾಲು ತುಂಬಿದ್ದರು. ಒಬ್ಬೊಬ್ಬರೂ ಎದ್ದು ತಮ್ಮ ಪುಸ್ತಕದ ಬಗ್ಗೆ ಅವರೇನು ಹೇಳಿದ್ದರು ಎಂಬುದನ್ನು ನೆನೆದರು. ಅವರ ಪುಸ್ತಕದ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ನಾನು ‘ಅವರ ಕೊನೆಯ ಕಾದಂಬರಿ ಅಪೂರ್ಣವಾಗಿ ಉಳಿದದ್ದು ಕನ್ನಡದ ದೌರ್ಭಾಗ್ಯ’ ಎಂದೆ. ಚಪ್ಪಾಳೆ ಬಿತ್ತು. ಪ್ರಕಾಶಕರೊಬ್ಬರು ಅಲ್ಲೇ ಎದ್ದು, ಉಳಿದ ಎರಡು ಭಾಗಗಳನ್ನು ಅಚ್ಚು ಹಾಕುತ್ತೇವೆ, ಮುನ್ನುಡಿ ನೀವೇ ಬರೆಯಬೇಕು ಎಂದರು.

ಆಗ ಓದಿದೆ. ಪ್ರಕಾಶಕರು ಕಳಿಸಿದ ಎರಡೂ ಕಟ್ಟನ್ನು ಮೂರು ದಿನ ರಜೆ ಹಾಕಿ ಓದಿದೆ. ತಂದೆಯ ಹೊಲದ ನಕಾಶೆಯನ್ನು ತಾನೇ ಬರೆದುಕೊಟ್ಟ ಒಬ್ಬ ಮನುಷ್ಯ. ಅದನ್ನು ಸಹಿಸದೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುವ ಅವನ ಹೆಂಡತಿ. ಎರಡನೇ ಭಾಗ ಮುಗಿಯುವಾಗ ಅವಳು ಒಂದು ಟ್ರಂಕು ಹಿಡಿದು ಗಂಡನ ಮನೆಯ ಗೇಟಿನ ಹೊರಗೆ ನಿಂತಿದ್ದಾಳೆ, ತಾನಾಗಿಯೇ ವಾಪಸು ಬಂದು. ಅವನು ಗೇಟು ತೆಗೆಯಲು ಬರುತ್ತಿದ್ದಾನೆ. ಅಲ್ಲಿಗೆ ಪುಟ ಮುಗಿಯಿತು. ಮುಂದೇನಾಯಿತೆಂದು ತಿಳಿಯದೆ ನಾನು ಕೋಣೆಯಲ್ಲಿ ಹುಚ್ಚನಂತೆ ಓಡಾಡಿದೆ.

ಮುನ್ನುಡಿಯ ನೆಪದಲ್ಲಿ ಅಮ್ಮನನ್ನು ನೋಡಲು ಹೋದೆ. ಅವರೆಕಾಯಿಯ ಕಾಲ. ಹಜಾರದಲ್ಲಿ ಕಾಲು ಚಾಚಿ ಕೂತು ನೆನೆಸಿದ ಕಾಳು ಹಿದುಕುತ್ತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ.

“ಅಪೂರ್ಣ ಅಂತಾನೇ ಹಾಕಿ,” ಎಂದರು. “ಗೆದ್ದಲಿನ ವಿಷಯ ಯಾರಿಗೆ ಬೇಕು.” ಇನ್ನೊಂದು ಹಿಡಿ ಕಾಳು ಎತ್ತಿಕೊಂಡು, “ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ,” ಎಂದರು.

“ಕೇಳ್ರಿ ಅಮ್ಮ.”

“ನಾನೊಂದ್ಸಲ ಈ ಮನೆ ಬಿಟ್ಟು ಹೋಗಿದ್ದೆ. ನಮ್ಮ ಮಾವ ಆ ಹೊಲದ ಕೊರಗಲ್ಲೇ ಹೋದ್ರಲ್ಲ, ಆಗ. ಮಗಳನ್ನ ಕರ್ಕೊಂಡು ಸುಬ್ರಹ್ಮಣ್ಯಪುರಕ್ಕೆ, ನಮ್ಮಮ್ಮನ ಮನೆಗೆ. ಒಂದೂವರೆ ವರ್ಷ ಇದ್ದೆ. ಇವರು ಕರೆಯೋಕೆ ಬರ್ಲಿಲ್ಲ. ಕೊನೆಗೆ ನಾನೇ ಬಂದೆ. ಗೇಟ್ ತೆಗೆದ್ರು, ಟ್ರಂಕ್ ಇಸ್ಕೊಂಡ್ರು, ಒಳಗಿಟ್ಟು ಗಿಡಕ್ಕೆ ನೀರು ಹಾಕೋಕೆ ಹೋದ್ರು. ಒಂದು ಮಾತಿಲ್ಲ. ಅವತ್ತು ಮನಸ್ಸಲ್ಲಿ ಏನಿತ್ತು ಅಂತ ಎಷ್ಟೋ ವರ್ಷ ಆದ್ಮೇಲೆ ಒಂದೇ ಸಲ ಕೇಳಿದೆ. ಮೂರನೇ ಭಾಗದಲ್ಲಿ ಬರೆದಿದೀನಿ, ಅಚ್ಚಾಗ್ಲಿ, ಓದು ಅಂದ್ರು.”

ಪಾತ್ರೆಗೆ ಬೇಳೆ ಬೀಳುತ್ತಲೇ ಇತ್ತು.

“ಗೆದ್ದಲು ತಿಂದ ಮೇಲೆ ಮತ್ತೆ ಕೇಳಿದೆ. ಇನ್ನು ಹೇಳೋಕಾಗಲ್ಲ, ಓದಿದವರು ಅವರೊಬ್ಬರೇ, ಯಾವತ್ತಾದ್ರೂ ಅವರನ್ನೇ ಕೇಳು ಅಂದ್ರು. ಇವರಿರೋವಾಗ ನಿಮ್ಮನ್ನ ಕೇಳೋಕೆ ಸಂಕೋಚ ಆಯ್ತು. ಗೇಟ್ ತೆಗೆಯೋಕೆ ಬಂದಾಗ ಅವನ ಮನಸ್ಸಲ್ಲಿ ಏನಿತ್ತು ಅಂತ ಬರೆದಿದ್ರು?”

ಸರ್ ನನ್ನ ಮಾನ ಉಳಿಸಲು ಹಾಗೆ ಹೇಳಿದರೋ, ಇಂಥ ಒಂದು ದಿನ ನನಗೆ ಬರಲಿ ಎಂದೇ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಓದಿಲ್ಲ ಅಮ್ಮ ಎನ್ನುವುದಕ್ಕೆ ಎರಡು ಪದ ಸಾಕಿತ್ತು. ಆದರೆ ನಾನು ಕಥೆಗಾರ, ಕೊನೆಗಳಿಗೆ ಹೆಸರಾದವನು. ಅಲ್ಲೇ ಒಂದು ಕೊನೆಯನ್ನು ಕಟ್ಟಿ ಹೇಳಿದೆ.

ಅವನು ಗೇಟಿನ ಹತ್ತಿರ ಬಂದಾಗ ಕಾಲು ನಡುಗುತ್ತಿದ್ದವು ಎಂದೆ. ಒಂದೂವರೆ ವರ್ಷ ದಿನಾ ಸಂಜೆ ಬಸ್‌ಸ್ಟಾಪಿನ ತನಕ ಹೋಗಿ ವಾಪಸು ಬರುತ್ತಿದ್ದ ಎಂದೆ. ತಪ್ಪು ತನ್ನದೆಂದು ಹೇಳಬೇಕೆಂದಿದ್ದವನಿಗೆ ಗಂಟಲು ಕಟ್ಟಿತು, ಅದಕ್ಕೇ ನೀರಿನ ಪೈಪು ಹಿಡಿದ, ಕಣ್ಣೀರು ಕಾಣದಿರಲಿ ಎಂದು. ಹೇಳುತ್ತ ಹೇಳುತ್ತ ನನ್ನ ಕಣ್ಣೇ ತುಂಬಿತು. ಅಮ್ಮನ ಕೈ ನೋಡಿದೆ. ಒಂದು ಕಾಳು, ಇನ್ನೊಂದು ಕಾಳು. ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ನಾನು ಇನ್ನೂ ಒಂದಿಷ್ಟು ಸೇರಿಸಿದೆ. ಕಾಳು ಮುಗಿಯುವ ತನಕ ಹೇಳಿದೆ.

“ಹಾಗಾ,” ಎಂದರು ಅಮ್ಮ, ಸಿಪ್ಪೆಯ ಮೊರ ಎತ್ತಿಕೊಂಡು ಏಳುತ್ತ. “ಸಾರು ಆಗತ್ತೆ, ಊಟ ಮಾಡ್ಕೊಂಡು ಹೋಗಿ.”

ಅವರ ಕೈ ಒಮ್ಮೆಯೂ ನಿಂತಿರಲಿಲ್ಲ. ನಾನು ಉಂಡು ಬಂದೆ.